ಕೊರಗಪ್ಪ ಪೆಟ್ರೋಲ್ ಹುಡುಕಿದ್ದು

ನಮ್ಮ ಕೊರಗಪ್ಪ ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್ ಬಡಾವಣೆಯಲ್ಲಿ ಹನ್ನೊಂದು ವರ್ಷದಿಂದ ಸಭ್ಯ ಗೃಹಸ್ಥನಾಗಿ ಬಾಳಿಕೊಂಡು ಬಂದವನು. ಕೌನ್ಸಿಲ್ ಟ್ಯಾಕ್ಸನ್ನು ಹೊತ್ತಿಗೆ ಸರಿಯಾಗಿ ಕಟ್ಟುತ್ತಾನೆ. ಯಾವ ವಾರ ಯಾವ ಬಣ್ಣದ ಕಸದ ಡಬ್ಬಿ ಹೊರಗಿಡಬೇಕೆಂದು ಇಡೀ ಬೀದಿ ಅವನ ಮನೆ ನೋಡಿ ತಿಳಿದುಕೊಳ್ಳುತ್ತದೆ. ಇಂಥವನ ಮನೆಯ ಮುಂದೆ ಮೊನ್ನೆ ಮಾರ್ಚ್ ತಿಂಗಳ ಒಂದು ಶುಕ್ರವಾರ ಐವತ್ತನಾಲ್ಕು ಲೀಟರ್ ಪೆಟ್ರೋಲ್ ಸಾಲಾಗಿ ನಿಂತದ್ದು ಹೇಗೆ ಎಂದು ಇಂದಿಗೂ ಜನ ನನ್ನನ್ನು ಕೇಳುತ್ತಾರೆ. ಅದಕ್ಕೆ ಅರ್ಧ ಕಾರಣ ನಾನು. ಉಳಿದರ್ಧ, ಎರವಲು ತಂದದ್ದನ್ನು ಖಾಲಿ ಹಿಂದಿರುಗಿಸಬಾರದು ಎಂಬ ಕರಾವಳಿಯವರ ಪದ್ಧತಿ.

ನಾನು ಪ್ರಶಾಂತ್. ಮೈಸೂರಿನವನು. ಇಲ್ಲೊಂದು ಕಾಲೇಜಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸುತ್ತೇನೆ. ಕೊರಗಪ್ಪ ಮುಲ್ಕಿ ಕಡೆಯವನು. ದೊಡ್ಡಾಸ್ಪತ್ರೆಯ ಔಷಧದ ಸ್ಟೋರ್ಸಿನಲ್ಲಿ ಕೆಲಸ. ಅವನ ಹೆಂಡತಿ ಸೇವಂತಿ ಅದೇ ಆಸ್ಪತ್ರೆಯಲ್ಲಿ ನರ್ಸು. ಕೊರಗಪ್ಪ ನನಗಿಂತ ನಾಲ್ಕು ವರ್ಷ ದೊಡ್ಡವನಾದರೂ ನನ್ನನ್ನು ‘ಮಾಸ್ಟ್ರೇ’ ಎಂದೇ ಕರೆಯುತ್ತಾನೆ. ಆ ಮರ್ಯಾದೆಯೇ ಅವನಿಗೆ ಮುಳುವಾಯಿತು.

ಮಾರ್ಚ್ ಮೊದಲ ವಾರದ ಬಿರುಗಾಳಿಗೆ ಅವನ ಹಿತ್ತಲಿನ ಪ್ಲಮ್ ಮರ ಬುಡ ಕಿತ್ತುಕೊಂಡು ಶೆಡ್ಡಿನ ಮೇಲೆ ಮಲಗಿತು. ಕೊರಗಪ್ಪ ಅಡುಗೆಮನೆಯ ದೊಡ್ಡ ಚೂರಿ ಹಿಡಿದು ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕುವಷ್ಟರಲ್ಲಿ ಬೇಲಿಯ ಮೇಲಿಂದ ಪಕ್ಕದ ಮನೆಯ ಫ್ರಾಂಕ್‌ನ ತಲೆ ಕಾಣಿಸಿತು. ಫ್ರಾಂಕ್‌ಗೆ ಎಪ್ಪತ್ತೊಂಬತ್ತು. ಮೂವತ್ತೊಂಬತ್ತು ವರ್ಷ ಕಾರಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಹನ್ನೊಂದು ವರ್ಷದಲ್ಲಿ ಅವರು ಕೊರಗಪ್ಪನಿಗೆ ಹೇಳಿದ್ದ ಮಾತು ‘ಮಾರ್ನಿಂಗ್’ ಒಂದೇ. ಹಿಮ ಬಿದ್ದ ದಿನ ಮಾತ್ರ ‘ಕೋಲ್ಡ್’ ಎಂದು ಒಂದು ಪದ ಹೆಚ್ಚು ಖರ್ಚು ಮಾಡಿದ್ದರು. ಆವತ್ತು ಅವರು ಬೇಲಿಯ ಮೇಲಿಂದ ಕಿತ್ತಳೆ ಬಣ್ಣದ ಚೈನ್‌ಸಾ ದಾಟಿಸಿ, “ಮುಗಿದ ಮೇಲೆ ಕೊಡಿ” ಎಂದರು.

ಕೊರಗಪ್ಪ ಆ ಪೆಟ್ರೋಲ್ ಗರಗಸವನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಇಸಿದುಕೊಂಡ. ಸ್ಟಾರ್ಟ್ ಮಾಡಿಕೊಡಬಹುದೇ ಎಂದು ಕೇಳಿದ್ದಕ್ಕೆ ಫ್ರಾಂಕ್, “ಕೊಯ್ಯುವವನೇ ಹಗ್ಗ ಎಳೆಯಬೇಕು” ಎಂದು ಕಟ್ಟುನಿಟ್ಟಾಗಿ ಹೇಳಿ ಕೈ ಹಿಂದೆ ಕಟ್ಟಿಕೊಂಡರು. ಎಂಟನೆಯ ಎಳೆತಕ್ಕೆ ಮಿಷನ್ ಅರಚಿತು. ಮರ ತುಂಡಾಗಲು ಎರಡು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಫ್ರಾಂಕ್ ಬೇಲಿಗೊರಗಿ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ತನ್ನ ಕೆಲಸ ನೋಡಲಾಗದೆ ಹಾಗೆ ನಿಂತಿದ್ದಾರೆಂದು ಕೊರಗಪ್ಪ ತಿಳಿದ.

ಎದುರುಮನೆಯ ಪಮೇಲಾ ಅಂದೇ ಸೇವಂತಿಯನ್ನು ತಡೆದು ನಿಲ್ಲಿಸಿ ವಿಷಯದ ಗಾಂಭೀರ್ಯ ತಿಳಿಸಿದಳು. ಫ್ರಾಂಕ್ ಮೂವತ್ತೊಂದು ವರ್ಷದಲ್ಲಿ ಆ ಗರಗಸವನ್ನು ಒಬ್ಬರಿಗೂ ಕೊಟ್ಟವರಲ್ಲವಂತೆ. ಚರ್ಚಿನ ಪಾದ್ರಿ ಕೇಳಿದಾಗಲೂ ಬಾಗಿಲು ಹಾಕಿಕೊಂಡಿದ್ದರಂತೆ. ಇದನ್ನು ಕೇಳಿ ಕೊರಗಪ್ಪನಿಗೆ ಎದೆ ಉಬ್ಬಿತು. ಹನ್ನೊಂದು ವರ್ಷದ ನಂತರ ತಾನು ಈ ಬೀದಿಯವನಾದೆ ಎಂದು ಅವನಿಗೆ ಅನ್ನಿಸಿತು. ಅವನು ನನಗೆ ಫೋನ್ ಮಾಡಿ ಈ ಮಾತನ್ನು ಎರಡೆರಡು ಸಲ ಹೇಳಿದ. ನಾನು ನಗಲಿಲ್ಲ.

ಮರುದಿನ ಶನಿವಾರ. ಗರಗಸವನ್ನು ಒರೆಸಿ ಕೊಡಲು ಹೊರಟವನನ್ನು ಸೇವಂತಿ ಬಾಗಿಲಲ್ಲಿ ತಡೆದಳು.

“ಹಾಗೇ ಕೊಡ್ಲಿಕ್ಕೆ ಹೊರಟದ್ದಾ ನೀವು? ಇನ್ನೊಬ್ಬರ ಸಾಮಾನು ಖಾಲಿ ವಾಪಸ್ ಕೊಡುವುದುಂಟಾ?”

“ಇದು ಪಾತ್ರೆ ಅಲ್ಲ ಮಾರಾಯ್ತಿ, ಗರಗಸ. ಇದರೊಳಗೆ ಎಂತ ಹಾಕುವುದು, ಪತ್ರೊಡೆಯಾ?”

“ಬರುವಾಗ ಅದರಲ್ಲಿ ಎಂತ ಇತ್ತು?”

“ಪೆಟ್ರೋಲ್.”

“ಮತ್ತೆ?”

ಅವಳು ಹೇಳಿದ್ದು ನ್ಯಾಯವಾಗಿತ್ತು. ಅವನ ಅಮ್ಮ ಪಕ್ಕದ ಮನೆಯ ಬಟ್ಟಲನ್ನು ಒಂದು ಚೂರು ಬೆಲ್ಲವನ್ನಾದರೂ ಹಾಕದೆ ಕಳಿಸಿದವಳಲ್ಲ. ಕೊರಗಪ್ಪ ಐದು ಲೀಟರಿನ ಕ್ಯಾನ್ ಹಿಡಿದು ಪಂಪಿಗೆ ಹೋದ, ಪೆಟ್ರೋಲ್ ತಂದ, ಗರಗಸದ ಟ್ಯಾಂಕನ್ನು ಕಂಠಪೂರ್ತಿ ತುಂಬಿದ. ಸೇವಂತಿ ಮುಚ್ಚಳದ ಸುತ್ತ ಹಳೆಯ ಸೀರೆಯ ತುಂಡಿನಿಂದ ಒರೆಸಿದಳು. ದಂಪತಿಗಳು ಜೊತೆಯಾಗಿ ಹೋಗಿ ಒಪ್ಪಿಸಿದರು.

“ಟ್ಯಾಂಕ್ ತುಂಬಿಸಿದ್ದೇನೆ ಮಿಸ್ಟರ್ ಫ್ರಾಂಕ್” ಎಂದ ಕೊರಗಪ್ಪ, ಸಮಾರಂಭದಲ್ಲಿ ಹೇಳುವ ಹಾಗೆ.

ಫ್ರಾಂಕ್ ಗರಗಸದ ತೂಕ ನೋಡಿದರು, ಇಬ್ಬರ ಮುಖ ನೋಡಿದರು. “ಒಳ್ಳೆಯದಾಯಿತು. ಮುಂದಿನ ಶನಿವಾರ ನನ್ನ ಒಣಗಿದ ಪೇರ್ ಮರ ಕಡಿಯಬೇಕು” ಎಂದರು.

ಭಾನುವಾರ ಇಬ್ಬರೂ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಕೊರಗಪ್ಪ ಸಾರನ್ನಕ್ಕೆ ಕೈ ಹಾಕುತ್ತಲೇ ಈ ಕಥೆ ಶುರುಮಾಡಿದ. ನಾನು ಕೇಳುತ್ತಾ ಕೇಳುತ್ತಾ ಉಣ್ಣುವುದನ್ನು ನಿಲ್ಲಿಸಿದೆ.

“ಎಣ್ಣೆ ಎಷ್ಟು ಬೆರೆಸಿದಿರಿ?” ಎಂದೆ.

“ಎಣ್ಣೆಯಾ? ಯಾಕೆ, ಒಗ್ಗರಣೆಗಾ?”

ಆಗ ನಾನು ಸುಮ್ಮನಿರಬಹುದಿತ್ತು. ಊಟವಾದ ಮೇಲೆ ಮೆಲ್ಲಗೆ ಹೇಳಬಹುದಿತ್ತು. ಆದರೆ ನಾನು ಮೇಷ್ಟ್ರು. ತರಗತಿಯ ಧಾಟಿಯಲ್ಲೇ ಹೇಳಿಬಿಟ್ಟೆ. ಅದು ಟೂ ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೇ ಎಣ್ಣೆ ಬೆರೆಸದಿದ್ದರೆ ಐದು ನಿಮಿಷದಲ್ಲಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಆಮೇಲೆ ಅದು ಗುಜರಿ. ಸಾಲದ್ದಕ್ಕೆ ಪಂಪಿನ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತು ಪಾಲಿನವರೆಗೆ ಎಥನಾಲ್ ಇರುತ್ತದೆ. ಕಾರಿಗೆ ಪರವಾಗಿಲ್ಲ, ಸಣ್ಣ ಎಂಜಿನ್ನಿನಲ್ಲಿ ತಿಂಗಳುಗಟ್ಟಲೆ ನಿಂತರೆ ನೀರು ಎಳೆದುಕೊಳ್ಳುತ್ತದೆ, ರಬ್ಬರ್ ಕೊಳವೆ ತಿನ್ನುತ್ತದೆ, ಕಾರ್ಬ್ಯುರೇಟರಿನಲ್ಲಿ ಗೋಂದಿನ ಹಾಗೆ ಕೂರುತ್ತದೆ. ಇದಕ್ಕೆಂದೇ ಎಥನಾಲ್ ಇಲ್ಲದ, ಎಣ್ಣೆ ಬೆರೆಸಿಟ್ಟ ಪೆಟ್ರೋಲ್ ಡಬ್ಬಿಯಲ್ಲಿ ಬರುತ್ತದೆ. ಫ್ರಾಂಕ್‌ನಂಥವರು ಅದನ್ನೇ ಬಳಸುವುದು.

ಸೇವಂತಿ ಕೈ ತೊಳೆಯಲು ಎದ್ದಳು. ಕೊರಗಪ್ಪ ತಟ್ಟೆಯನ್ನೇ ನೋಡುತ್ತಿದ್ದ.

“ಹೋಗಿ ಹೇಳಿಬಿಡಿ. ಎರಡು ನಿಮಿಷದ ಕೆಲಸ” ಎಂದೆ.

“ಎಂತ ಹೇಳುವುದು ಮಾಸ್ಟ್ರೇ? ಮೂವತ್ತೊಂದು ವರ್ಷದಲ್ಲಿ ಒಬ್ಬನನ್ನು ನಂಬಿ ಕೊಟ್ಟದ್ದು. ಆ ಒಬ್ಬ ಅದರ ಹೊಟ್ಟೆಗೆ ವಿಷ ಹಾಕಿ, ಮುಚ್ಚಳ ಒರೆಸಿ, ಹೆಂಡತಿಯನ್ನು ಕರ್ಕೊಂಡು ಹೋಗಿ ಕೊಟ್ಟು ಬಂದ ಅಂತ ಹೇಳುವುದಾ? ಆಗ್ಲಿಕ್ಕಿಲ್ಲ. ನಾನು ಸರಿಯಾದ ಪೆಟ್ರೋಲ್ ತರ್ತೇನೆ. ಇನ್ನೊಂದು ಕೊಂಬೆ ಉಂಟು ಅಂತ ಹೇಳಿ ಗರಗಸ ಪುನಃ ಕೇಳ್ತೇನೆ. ಇದನ್ನು ಚೆಲ್ಲಿ ಅದನ್ನು ತುಂಬಿ ಕೊಡ್ತೇನೆ. ಶನಿವಾರದೊಳಗೆ.”

ನಾನು ಸೋಮವಾರ ಬೆಳಿಗ್ಗೆ ಕಾಲೇಜಿನ ಕೆಲಸದ ಮೇಲೆ ಐದು ದಿನ ಹಲ್ ಪಟ್ಟಣಕ್ಕೆ ಹೋದೆ. ಮುಂದಿನದ್ದನ್ನು ನಾನು ಸೇವಂತಿಯ ಬಾಯಿಂದ ಮತ್ತು ನನ್ನ ಫೋನಿನಿಂದ ತಿಳಿದವನು.

ಕೊರಗಪ್ಪ ಮೊದಲು ಹೋದದ್ದು ಪಂಪಿಗೆ. ಗಾಜಿನ ಹಿಂದಿದ್ದ ಹುಡುಗಿ ಎರಡು ಬಗೆ ಇದೆ ಎಂದಳು: ಒಂದರಲ್ಲಿ ಹತ್ತರವರೆಗೆ ಎಥನಾಲ್, ದುಬಾರಿಯದ್ದರಲ್ಲಿ ಐದರವರೆಗೆ.

“ನನಗೆ ಸೊನ್ನೆ ಬೇಕು.”

“ಸೊನ್ನೆ ಇಲ್ಲ. ಹತ್ತು, ಐದು.”

“ಐದಕ್ಕಿಂತ ಸ್ವಲ್ಪ ಕಡಿಮೆ ಮಾಡಿ ಕೊಡಬಹುದಾ?”

ಇದು ತರಕಾರಿ ಮಾರ್ಕೆಟ್ ಅಲ್ಲ ಎಂದು ಆ ಹುಡುಗಿ ಬಹಳ ಮರ್ಯಾದೆಯಿಂದ ತಿಳಿಸಿ, ಯಾತಕ್ಕೆ ಬೇಕು ಎಂದು ಕೇಳಿದಳು. ಕೊರಗಪ್ಪ ಹಿಂದೆ ನಿಂತವರನ್ನು ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, “ಅದು ಖಾಸಗಿ” ಎಂದ. ಆಮೇಲೆ ಅವನು ಹೋದಾಗಲೆಲ್ಲ ಆಕೆ ಅವನ ಕಾರಿನ ನಂಬರ್ ಬರೆದುಕೊಳ್ಳುತ್ತಿದ್ದಳಂತೆ.

ಹೇಲ್ಸೋವನ್ ಕಡೆಯ ಹುಲ್ಲು ಕತ್ತರಿಸುವ ಯಂತ್ರಗಳ ಅಂಗಡಿಗೆ ಸೋಮವಾರ ರಜೆ. ಮಂಗಳವಾರ ತೆರೆದಿತ್ತು, ಆದರೆ ಆ ಪೆಟ್ರೋಲ್ ಮುಗಿದಿತ್ತು. ಬಿರುಗಾಳಿ ಬಂದದ್ದು ಕೊರಗಪ್ಪನ ಮನೆಗೆ ಮಾತ್ರವಲ್ಲವಲ್ಲ. ಆನ್‌ಲೈನಿನಲ್ಲಿ ತರಿಸಿದರೆ ಶನಿವಾರ ಕಳೆದು ಮೂರನೆಯ ದಿನ ಬರುತ್ತದೆ.

ಇತ್ತ ಫ್ರಾಂಕ್ ದಿನೇ ದಿನೇ ಹತ್ತಿರವಾಗುತ್ತಿದ್ದರು. ಸೋಮವಾರ ಬೇಲಿಯ ಬಳಿ, “ಶನಿವಾರ ಮಳೆ ಇಲ್ಲವಂತೆ” ಎಂದರು. ಮಂಗಳವಾರ ಕೊರಗಪ್ಪನ ಹೆಸರನ್ನು ಹೇಗೆ ಹೇಳಬೇಕೆಂದು ಕೇಳಿ, ಮೂರು ಸಲ ಪ್ರಯತ್ನಿಸಿ, ‘ಮಿಸ್ಟರ್ ಕೆ’ ಎಂದು ತೀರ್ಮಾನಿಸಿದರು. ಬುಧವಾರ ಒಂದು ಕಪ್ ಚಹಾವನ್ನೇ ಬೇಲಿಯ ಮೇಲೆ ಇಟ್ಟು, “ಶನಿವಾರ ಈಗಲೂ ಮಳೆ ಇಲ್ಲ” ಎಂದು ಆಕಾಶ ನೋಡಿದರು. ಹನ್ನೊಂದು ವರ್ಷದಲ್ಲಿ ಆಡದ ಮಾತನ್ನು ಮೂರು ದಿನದಲ್ಲಿ ಆಡಿದ್ದರು. ಒಂದೊಂದು ಮಾತಿಗೂ ನಿಜ ಹೇಳುವುದು ಕೊರಗಪ್ಪನಿಗೆ ಇನ್ನಷ್ಟು ಕಷ್ಟವಾಯಿತು. ಆ ಚಹಾವನ್ನು ಅವನು ಬೇಲಿಯ ಬಳಿಯೇ ನಿಂತು ಕುಡಿದು ಮುಗಿಸಿದ.

ಬುಧವಾರ ಮಧ್ಯಾಹ್ನ ಅವನು ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹೀಗೆ ಬರೆದ: ‘ಎಥನಾಲ್ ಇಲ್ಲದ ಪೆಟ್ರೋಲ್ ಎಲ್ಲಿ ಸಿಗುತ್ತದೆ? ಶನಿವಾರದೊಳಗೆ ಬೇಕು. ತುರ್ತು. ದಯವಿಟ್ಟು ಕಾರಣ ಕೇಳಬೇಡಿ.’

ಕೊನೆಯ ವಾಕ್ಯವೊಂದು ಇಲ್ಲದಿದ್ದರೆ ಈ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕಾರಣ ಕೇಳಬೇಡಿ ಎಂದದ್ದರಿಂದ ಯಾರೂ ಅವನನ್ನು ಕೇಳಲಿಲ್ಲ. ಒಬ್ಬರನ್ನೊಬ್ಬರು ಕೇಳಿಕೊಂಡರು. ಇನ್ನೂ ಒಂದು ಸಂಗತಿ ಇತ್ತು. ಕೋವಿಡ್ ಬರುವ ಮುಂಚೆ, ಮಾಸ್ಕ್ ಸಿಗುವುದಿಲ್ಲ, ಈಗಲೇ ತೆಗೆದಿಡಿ ಎಂದು ಇದೇ ಗುಂಪಿನಲ್ಲಿ ಮೊದಲು ಬರೆದವನು ಇದೇ ಕೊರಗಪ್ಪ. ಆಗ ನಕ್ಕವರು ಆಮೇಲೆ ಬನಿಯನ್ ಕತ್ತರಿಸಿ ಮೂಗಿಗೆ ಕಟ್ಟಿಕೊಂಡಿದ್ದರು. ಸ್ಟೋರ್ಸಿನವನಿಗೆ ಎಲ್ಲ ಮೊದಲೇ ಗೊತ್ತಾಗುತ್ತದೆ ಎಂಬ ನಂಬಿಕೆ ಅಂದಿನಿಂದ ಬಳಗದಲ್ಲಿ ಭದ್ರವಾಗಿತ್ತು.

ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯ ಭಾಗೀರಥಿ ಅಕ್ಕ ಅರ್ಧ ಗಂಟೆಯೊಳಗೆ ವಿಷಯವನ್ನು ಬಿಡಿಸಿಟ್ಟರು. “ಶನಿವಾರದಿಂದ ಪೆಟ್ರೋಲ್ ಸಿಗುವುದಿಲ್ಲವಂತೆ. ಆಸ್ಪತ್ರೆಯವರಿಗೆ ಕಾಗದ ಬಂದಿದೆಯಂತೆ. ಪಾಪ, ಕೊರಗಪ್ಪನಿಗೆ ಬಾಯಿ ಬಿಡ್ಲಿಕ್ಕೆ ಅಪ್ಪಣೆ ಇಲ್ಲ” ಎಂಬ ಅವರ ಧ್ವನಿಸಂದೇಶ ಮ್ಯಾಂಚೆಸ್ಟರಿನಿಂದ ಹೊರಟು ಸಂಜೆಯೊಳಗೆ ಬರ್ಮಿಂಗ್‌ಹ್ಯಾಮ್, ಲೀಡ್ಸ್ ಎಲ್ಲ ಮುಟ್ಟಿತು. ಲೀಡ್ಸಿನಲ್ಲಿರುವ ನಮ್ಮ ಬಳಗದ ಅಧ್ಯಕ್ಷರು, ನಿವೃತ್ತ ಸರ್ಜನ್ ಡಾಕ್ಟರ್ ಮೃತ್ಯುಂಜಯ. ಅವರು ‘ಯಾರೂ ಗಾಬರಿಯಾಗಬಾರದು’ ಎಂದು ದಪ್ಪಕ್ಷರದಲ್ಲಿ ಪ್ರಕಟಣೆ ಹೊರಡಿಸಿದರು. ಅಲ್ಲಿಯವರೆಗೆ ಗಾಬರಿಯಾಗದೆ ಉಳಿದಿದ್ದವರೂ ಅದನ್ನು ಓದಿ ಕಾರಿನ ಬೀಗದ ಕೈ ಹುಡುಕಿದರು. ಹಲ್‌ನಲ್ಲಿದ್ದ ನಾನು, ಎಲ್ಲವನ್ನೂ ಬಲ್ಲ ನಾನು, ಒಂದು ಕ್ಷಣ ಹೊರಗೆ ಹೋಗಿ ನನ್ನ ಕಾರಿಗೂ ಪೆಟ್ರೋಲ್ ತುಂಬಿಸಿ ಬಂದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಎಲ್ಲರೂ ತಮ್ಮ ಟ್ಯಾಂಕು ತುಂಬಿದ ಮೇಲೆ ಅವರಿಗೆ ಕೊರಗಪ್ಪನ ನೆನಪಾಯಿತು. ನಮ್ಮನ್ನು ಎಚ್ಚರಿಸಿದವನಿಗೇ ಪೆಟ್ರೋಲ್ ಇಲ್ಲವಲ್ಲ!

ಶುಕ್ರವಾರ ಮಧ್ಯಾಹ್ನ ನಾನು ಹಲ್‌ನಿಂದ ನೇರವಾಗಿ ಅವನ ಮನೆಗೆ ಬಂದಾಗ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಡಾಕ್ಟರ್ ಮೃತ್ಯುಂಜಯ ಸೂಟು ಧರಿಸಿ, ಮಿಲಿಟರಿ ಬಣ್ಣದ ಇಪ್ಪತ್ತು ಲೀಟರಿನ ಕಬ್ಬಿಣದ ಕ್ಯಾನನ್ನು ಎರಡು ಕೈಯಲ್ಲಿ ತೂಗಾಡಿಸಿಕೊಂಡು ಬರುತ್ತಿದ್ದರು. ಭಾಗೀರಥಿ ಅಕ್ಕ ಹತ್ತು ಲೀಟರ್ ಪೆಟ್ರೋಲಿನ ಜೊತೆಗೆ ಚಕ್ಕುಲಿಯನ್ನೂ ತಂದಿದ್ದರು. ಕವೆಂಟ್ರಿಯವರದು ಹತ್ತು ಲೀಟರ್, ವುಲ್ವರ್‌ಹ್ಯಾಂಪ್ಟನ್ನಿನವರದು ಐದು. ಕೊರಗಪ್ಪನ ಕ್ಯಾನಿನಲ್ಲಿ ಉಳಿದದ್ದು ನಾಲ್ಕು. ಎಲ್ಲವನ್ನೂ ಸೇವಂತಿ ಮನೆಯ ಮುಂದೆ ಸಾಲಾಗಿ ಇರಿಸಿ, ಬಂದವರಿಗೆಲ್ಲ ಚಹಾ ಮಾಡುತ್ತಿದ್ದಳು. ಎಲ್ಲವೂ ಪಂಪಿನ ಪೆಟ್ರೋಲ್. ಒಂದು ಹನಿಯೂ ಅವನ ಉಪಯೋಗಕ್ಕೆ ಬರುವಂಥದ್ದಲ್ಲ. ಬೇಡ ಎನ್ನಲು ಅವನಿಗೆ ನಾಲಗೆ ಏಳುತ್ತಿರಲಿಲ್ಲ; ನೂರು ಮೈಲಿಯಿಂದ ಹೊತ್ತು ತಂದವರಿಗೆ ಬೇಡ ಎನ್ನುವುದು ಹೇಗೆ?

ಕೊನೆಗೆ ಬಂದವರು ಶೆಫೀಲ್ಡಿನ ಬ್ರೂಮ್‌ಹಿಲ್‌ನ ಕುಟುಂಬವೈದ್ಯೆ, ಡಾಕ್ಟರ್ ಅಹಲ್ಯಾ. ಅವರ ಕೈಯಲ್ಲಿ ಐದು ಲೀಟರಿನ ಬಿಳಿ ಡಬ್ಬಿ. “ಕೊರಗಪ್ಪನವರೇ, ನೀವು ಬರೆದಿದ್ದು ಎಥನಾಲ್ ಇಲ್ಲದ್ದು ಅಂತ ಅಲ್ವಾ? ನನ್ನ ಪೇಷಂಟ್ ಒಬ್ಬರು ಮರ ಕಡಿಯೋರು. ಅವರು ಕೊಟ್ರು. ಎಣ್ಣೆ ಬೆರೆಸಿದ್ದು, ಟೂ ಸ್ಟ್ರೋಕ್‌ಗೆ. ಇದೇ ತಾನೇ?” ಎಂದರು. ಇಡೀ ಬಳಗದಲ್ಲಿ ಸಂದೇಶವನ್ನು ಪೂರ್ತಿ ಓದಿದವರು ಅವರೊಬ್ಬರೇ. ಕೊರಗಪ್ಪ ಆ ಡಬ್ಬಿಯನ್ನು ಎದೆಗೆ ಒತ್ತಿಕೊಂಡ.

ಅಷ್ಟರಲ್ಲಿ ಹಳದಿ ಜಾಕೆಟಿನ ಅಗ್ನಿಶಾಮಕ ಅಧಿಕಾರಿಯೊಬ್ಬರು ಗೇಟು ತೆರೆದು ಒಳಗೆ ಬಂದರು. ಪಮೇಲಾ ಫೋನ್ ಮಾಡಿದ್ದಳು. ಅಧಿಕಾರಿ ಕ್ಯಾನುಗಳನ್ನು ಎರಡು ಸಲ ಎಣಿಸಿದರು. ಸರ್ಕಾರಕ್ಕೆ ತಿಳಿಸದೆ ಮನೆಯಲ್ಲಿ ಮೂವತ್ತು ಲೀಟರಿನವರೆಗೆ ಇಟ್ಟುಕೊಳ್ಳಬಹುದು, ಇದು ಐವತ್ತನಾಲ್ಕು ಎಂದರು. ಭಾಗೀರಥಿ ಅಕ್ಕ ಅವರಿಗೆ ಚಕ್ಕುಲಿ ಕೊಟ್ಟರು. ಅವರು ತೆಗೆದುಕೊಳ್ಳಲಿಲ್ಲ. ಬಳಗಕ್ಕೆ ಪರಿಸ್ಥಿತಿಯ ಗಂಭೀರತೆ ಆಗ ಮನವರಿಕೆಯಾಯಿತು.

“ಇಷ್ಟು ಪೆಟ್ರೋಲ್ ಯಾತಕ್ಕೆ?” ಎಂದು ಅಧಿಕಾರಿ ಕೇಳಿದರು.

ಎಲ್ಲರೂ ಕೊರಗಪ್ಪನ ಕಡೆ ತಿರುಗಿದರು. ಮೂರು ದಿನದಿಂದ ಯಾರೂ ಕೇಳಬಾರದಾಗಿದ್ದ ಪ್ರಶ್ನೆಯನ್ನು ಸರ್ಕಾರವೇ ಕೇಳಿತ್ತು. ಗದ್ದಲ ಕೇಳಿ ಫ್ರಾಂಕ್ ಕೂಡ ತಮ್ಮ ಬಾಗಿಲಿಂದ ಹೊರಗೆ ಬಂದು ನಿಂತಿದ್ದರು.

ಕೊರಗಪ್ಪ ಡಬ್ಬಿ ಹಿಡಿದುಕೊಂಡೇ ಫ್ರಾಂಕ್‌ನ ಎದುರು ಹೋಗಿ ನಿಂತ.

“ಮಿಸ್ಟರ್ ಫ್ರಾಂಕ್, ನಾಳೆ ಆ ಗರಗಸ ಸ್ಟಾರ್ಟ್ ಮಾಡಬೇಡಿ. ನಾನು ಅದನ್ನು ಹಾಳು ಮಾಡಿದ್ದೇನೆ. ಕಾರಿಗೆ ಹಾಕುವ ಪೆಟ್ರೋಲ್ ತುಂಬಿದ್ದೇನೆ, ಎಣ್ಣೆ ಇಲ್ಲದೆ. ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಐದು ದಿನ ಹೇಳಲಿಲ್ಲ. ಅದು ದೊಡ್ಡ ತಪ್ಪು. ನೀವು ಚಹಾ ಕೊಟ್ಟಿರಿ, ನಾನು ಕುಡಿದೆ.”

ಐವತ್ತು ವರ್ಷದ ಮನುಷ್ಯ ನಡುಬೀದಿಯಲ್ಲಿ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ಕಣ್ಣು ತುಂಬಿತು. ಊಟದ ಮಧ್ಯೆ ನಾನು ಮಾಡಿದ ಪಾಠ ನೆನಪಾಗಿ ನಾಚಿಕೆಯಾಯಿತು.

ಫ್ರಾಂಕ್ ಹಿಂದೆ ಕಟ್ಟಿಕೊಂಡಿದ್ದ ಕೈಗಳನ್ನು ಮುಂದೆ ಚಾಚಿದರು. ಎರಡೂ ನಡುಗುತ್ತಿದ್ದವು. ಬಲಗೈಯ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ.

“ಹಾಳಾಗಿಲ್ಲ ಮಿಸ್ಟರ್ ಕೆ. ನಾನು ಅದನ್ನು ಸ್ಟಾರ್ಟ್ ಮಾಡಿದರೆ ತಾನೇ ಹಾಳಾಗುವುದು? ಆ ಹಗ್ಗ ಎಳೆಯಲು ನನ್ನಿಂದ ಆಗದೆ ಎರಡು ವರ್ಷವಾಯಿತು.”

“ಮತ್ತೆ ಪೇರ್ ಮರ?”

“ಪ್ರತಿ ವರ್ಷ ಹಾಗೆ ಹೇಳುತ್ತೇನೆ. ಪ್ರತಿ ವರ್ಷ ಮಳೆ ಬರುತ್ತದೆ, ಬಚಾವಾಗುತ್ತೇನೆ. ಈ ಸಲ ಮಳೆಯೇ ಇಲ್ಲ. ನಾಳೆ ನಿಮಗೆ ಯಾವ ನೆಪ ಹೇಳುವುದೆಂದು ಸೋಮವಾರದಿಂದ ನನಗೆ ನಿದ್ದೆ ಇಲ್ಲ” ಎಂದರು ಫ್ರಾಂಕ್. ಆಮೇಲೆ ದನಿ ತಗ್ಗಿಸಿ, “ಆವತ್ತು ನಿಮಗೆ ಅದನ್ನು ಕೊಟ್ಟದ್ದು ನಿಮ್ಮ ಮರಕ್ಕಾಗಿ ಅಲ್ಲ. ಅದು ಓಡುವ ಸದ್ದನ್ನು ಒಮ್ಮೆ ಕೇಳಬೇಕೆನಿಸಿತ್ತು. ಯಾರನ್ನೂ ಹಾಗೆ ಕೇಳಿಕೊಳ್ಳಲಾಗುವುದಿಲ್ಲವಲ್ಲ” ಎಂದರು.

ಅಧಿಕಾರಿ ಪುಸ್ತಕ ಮುಚ್ಚಿದರು. ತಂದವರು ತಂದ ಪೆಟ್ರೋಲನ್ನು ತಂತಮ್ಮ ಕಾರಿಗೇ ಸುರಿದುಕೊಂಡು ಹೋಗಬೇಕು ಎಂದು ಆಜ್ಞೆ ಮಾಡಿ, ಹೋಗುವಾಗ ಎರಡು ಚಕ್ಕುಲಿ ತೆಗೆದುಕೊಂಡರು. ಟ್ಯಾಂಕು ಆಗಲೇ ತುಂಬಿದ್ದವರು ಹಾರ್ಬೋರ್ನ್‌ನ ಸುತ್ತ ಕಾರು ಓಡಿಸಿ ಜಾಗ ಮಾಡಿಕೊಂಡು ಬಂದರು. ಡಾಕ್ಟರ್ ಮೃತ್ಯುಂಜಯ ಮಾತ್ರ ಎಂಟು ಸುತ್ತು ಹೊಡೆದರು.

ಶನಿವಾರ ಬಿಸಿಲಿತ್ತು. ನಾನು ಗರಗಸದ ಟ್ಯಾಂಕ್ ಖಾಲಿ ಮಾಡಿ, ಅಹಲ್ಯಾ ತಂದ ಪೆಟ್ರೋಲಿನಿಂದ ಎರಡು ಸಲ ತೊಳೆದು, ತುಂಬಿಕೊಟ್ಟೆ. ಫ್ರಾಂಕ್ ಕುರ್ಚಿ ಹಾಕಿಸಿಕೊಂಡು ಕುಳಿತು ಯಾವ ಕೊಂಬೆ ಮೊದಲು, ಯಾವುದು ಆಮೇಲೆ ಎಂದು ಹೇಳಿದರು. ಕೊರಗಪ್ಪ ಎಳೆದ. ಮೂರನೆಯ ಎಳೆತಕ್ಕೆ ಶುರುವಾಯಿತು. ಒಣಗಿದ ಪೇರ್ ಮರ ಮಧ್ಯಾಹ್ನದೊಳಗೆ ನೆಲ ಕಂಡಿತು.

ಕೆಲಸವಾದ ಮೇಲೆ ಕೊರಗಪ್ಪ ಗರಗಸವನ್ನು ಒರೆಸಿ ಮುಂದೆ ಹಿಡಿದ. ಫ್ರಾಂಕ್ ಕೈ ಚಾಚಲಿಲ್ಲ.

“ನಿಮ್ಮಲ್ಲೇ ಇರಲಿ. ಬೇಕಾದಾಗ ನಾನು ಬಂದು ಕೇಳುತ್ತೇನೆ” ಎಂದರು.

ಅವರು ಈವರೆಗೆ ಕೇಳಿಲ್ಲ. ಆದರೆ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೊರಗಪ್ಪ ಆ ಗರಗಸವನ್ನು ಬೇಲಿಯ ಪಕ್ಕಕ್ಕೆ ಒಯ್ದು ಸ್ಟಾರ್ಟ್ ಮಾಡಿ, ಸುಮ್ಮನೆ ಹಿಡಿದುಕೊಂಡು ಐದು ನಿಮಿಷ ನಿಲ್ಲುತ್ತಾನೆ. ಈಗ ಅವನ ಹಿತ್ತಲಿನಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಇಲ್ಲ. ಕಳೆದ ತಿಂಗಳು ನಾನು ಹೋದಾಗ ಸೇವಂತಿ ಒಣಗಿಸಿದ ಬಟ್ಟೆಯನ್ನು ಹೊಗೆಯಿಂದ ಕಾಪಾಡುತ್ತಾ ಒಳಗೆ ಒಯ್ಯುತ್ತಿದ್ದಳು.

“ಕಡಿಯಲಿಕ್ಕೆ ಎಂತ ಉಂಟು ಅಂತ ಇದನ್ನು ಬೊಬ್ಬೆ ಹಾಕಿಸುವುದು ನೀವು?” ಎಂದು ಅವಳು ಕೂಗಿದಳು.

ಕೊರಗಪ್ಪನಿಗೆ ಕೇಳಿಸಲಿಲ್ಲ. ಬೇಲಿಯ ಆಚೆ ಫ್ರಾಂಕ್‌ನ ಕಿಟಕಿ ತೆರೆದುಕೊಂಡಿತು.